ಬಣ್ಣ ಬಳಿದ ಹರವಿಯಲ್ಲಿ ನೀರು ಏಕೆ ತಂಪಾಗುತ್ತಿಲ್ಲ?

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಸಿಂದಗಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಪಡಸಾಲೆಯಲ್ಲಿ ಪ್ರತಿ ಬೇಸಿಗೆಯಲ್ಲೂ ಮಕ್ಕಳಿಗಾಗಿ ಉಸುಕಿನ ಮೇಲೆ ಎರಡು ನೀರಿನ ಹರವಿಗಳನ್ನು ಇಡುವುದು ರೂಢಿ. ಈ ವರ್ಷ ಸ್ನೇಹ ಸಮ್ಮೇಳನದ ಸಂದರ್ಭದಲ್ಲಿ, ಕಿಟಕಿಗಳಿಗೆ ಬಳಿದು ಉಳಿದಿದ್ದ ನೀಲಿ ಎನಾಮಲ್ ಬಣ್ಣವನ್ನು ಮಕ್ಕಳು ಒಂದು ಹರವಿಗೆ ಎರಡು ಸಲ ಬಳಿದು, ಅದರ ಮೇಲೆ ಬಿಳಿ ಚಿತ್ತಾರ ಬರೆದರು. ಒಪ್ಪಿಗೆ ಕೊಟ್ಟವಳು ನಾನೇ ಆದ್ದರಿಂದ ತಪ್ಪು ನನ್ನದೇ. ಮಾರ್ಚ್ ಕೊನೆಯ ವಾರ ಬರುವಷ್ಟರಲ್ಲಿ, ಊಟದ ಬಿಡುವಿನಲ್ಲಿ ಎಲ್ಲ ಮಕ್ಕಳೂ ಬಣ್ಣವಿಲ್ಲದ ಹರವಿಯ ಮುಂದೆಯೇ ಸಾಲುಗಟ್ಟತೊಡಗಿದರು. ಚಂದದ ಹರವಿಯ ಹತ್ತಿರ ಯಾರೂ ಸುಳಿಯಲಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಯೋಗಾಲಯದ ಉಷ್ಣತಾಮಾಪಕವನ್ನು ತಂದು ಮಧ್ಯಾಹ್ನ ಎರಡು ಗಂಟೆಗೆ ಅಳೆದಳು. ಪಡಸಾಲೆಯ ಗಾಳಿ 39 ಡಿಗ್ರಿ, ನೀಲಿ ಹರವಿಯ ನೀರು 34 ಡಿಗ್ರಿ, ಬಣ್ಣವಿಲ್ಲದ ಹರವಿಯ ನೀರು 25 ಡಿಗ್ರಿ ಇದ್ದವು. "ಟೀಚರ್, ಬಣ್ಣ ಬಿಸಿಲನ್ನು ಹೀರಿಕೊಂಡಿತು ಅನ್ನೋಣವೆಂದರೆ ಎರಡೂ ನೆರಳಿನಲ್ಲೇ ಇವೆಯಲ್ಲ" ಎಂದು ಅವಳು ಕೇಳಿದಳು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, "ಫ್ಯಾನ್ ಹಾಕಿದರೆ ನಮಗೆ ತಂಪಾಗುತ್ತದೆ, ಆದರೆ ಫ್ಯಾನಿನ ಕೆಳಗೆ ಹಿಡಿದರೂ ಉಷ್ಣತಾಮಾಪಕದ ಅಂಕಿ ಏಕೆ ಇಳಿಯುವುದಿಲ್ಲ?" ಎಂದು ಎದ್ದು ನಿಂತ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ನನಗೆ ತಿಳಿದಿದೆ. ಆದರೆ ಪಠ್ಯದಲ್ಲಿ ಹರವಿ ಭೌತವಿಜ್ಞಾನದ ಪಾಠದಲ್ಲೂ ಬೆವರು ಜೀವವಿಜ್ಞಾನದ ಪಾಠದಲ್ಲೂ ಬರುವುದರಿಂದ, ಮಕ್ಕಳು ಅವೆರಡನ್ನು ಬೇರೆ ಬೇರೆ ಸಂಗತಿಗಳೆಂದೇ ಬಾಯಿಪಾಠ ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಕೂಡಿಸಿ ಹೇಳುವುದು ಹೇಗೆ ಎಂಬ ಬಗ್ಗೆ ಬಲ್ಲವರು ದಯವಿಟ್ಟು ಬರೆಯಬೇಕು.


ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ:

ಟೀಚರ್ ಅವರೇ, ನಿಮ್ಮ ವಿದ್ಯಾರ್ಥಿನಿ ಅಂಕಿಗಳನ್ನು ಬರೆದುಕೊಂಡು ಬಂದಿರುವುದೇ ದೊಡ್ಡ ಕೆಲಸ. ಮೊದಲು ಒಂದು ಮಾತನ್ನು ಮಕ್ಕಳ ತಲೆಯಿಂದ ತೆಗೆಯಬೇಕು. ಮಣ್ಣಿಗೆ ತಂಪು ಗುಣವಿದೆ, ಆ ತಂಪು ನೀರಿಗೆ ಇಳಿಯುತ್ತದೆ ಎಂದು ಮನೆಗಳಲ್ಲಿ ಹೇಳುತ್ತೇವೆ. ತಂಪು ಎಂಬುದೊಂದು ಪದಾರ್ಥವಲ್ಲ, ಅದು ಎಲ್ಲಿಂದಲೂ ಒಳಗೆ ಬರುವುದಿಲ್ಲ. ಇರುವುದು ಉಷ್ಣ ಮಾತ್ರ, ಆ ಉಷ್ಣ ಹೊರಗೆ ಹೋದರೆ ನೀರು ತಂಪಾಗುತ್ತದೆ.

ಹರವಿಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ನೀರು ಜಿನುಗಿ ಹೊರಮೈಗೆ ಬಂದು, ಅಲ್ಲಿ ಆವಿಯಾಗುತ್ತದೆ. ದ್ರವದಲ್ಲಿರುವ ಅಣುಗಳೆಲ್ಲ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಮೇಲ್ಮೈಯಲ್ಲಿ ಅತಿ ವೇಗವಾಗಿರುವ ಅಣುಗಳೇ ನೆರೆಯ ಅಣುಗಳ ಸೆಳೆತವನ್ನು ಮೀರಿ ಗಾಳಿಗೆ ಹಾರುತ್ತವೆ. ವೇಗಶಾಲಿಗಳು ಹೊರಟುಹೋದ ಮೇಲೆ ಉಳಿದವುಗಳ ಸರಾಸರಿ ವೇಗ ಕಡಿಮೆಯಾಗುತ್ತದೆ, ಅಂದರೆ ಉಷ್ಣತೆ ಇಳಿಯುತ್ತದೆ. ಇದಕ್ಕೆ ಕುದಿಯುವ ಅಗತ್ಯವೇ ಇಲ್ಲ, ಯಾವ ಉಷ್ಣತೆಯಲ್ಲಾದರೂ ಇದು ನಡೆಯುತ್ತಲೇ ಇರುತ್ತದೆ. ನೀರು ಹೀಗೆ ಆವಿಯಾಗುವಾಗ ಒಯ್ಯುವ ಉಷ್ಣಕ್ಕೆ ಗುಪ್ತೋಷ್ಣ ಎಂದು ಹೆಸರು. ಸ್ಕಾಟ್‌ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಇದನ್ನು ಗುರುತಿಸಿದರು. 100 ಡಿಗ್ರಿಯಲ್ಲಿ ಒಂದು ಗ್ರಾಂ ನೀರಿಗೆ ಸುಮಾರು 2,260 ಜೌಲ್ ಬೇಕಾದರೆ, ನಮ್ಮ ಮೈಯ ಉಷ್ಣತೆಯ ಆಸುಪಾಸಿನಲ್ಲಿ ಸುಮಾರು 2,420 ಜೌಲ್ ಬೇಕು.

ಈಗ ಲೆಕ್ಕ ಹಾಕಿಸಿ. ಹರವಿಯಲ್ಲಿ 10 ಲೀಟರ್ ನೀರಿದೆ ಎನ್ನೋಣ. ಒಂದು ಕಿಲೋ ನೀರು ಒಂದು ಡಿಗ್ರಿ ಇಳಿಯಬೇಕಾದರೆ 4.2 ಕಿಲೋಜೌಲ್ ಹೊರಹೋಗಬೇಕು. 34ರಿಂದ 25ಕ್ಕೆ, ಅಂದರೆ 9 ಡಿಗ್ರಿ ಇಳಿಯಲು 378 ಕಿಲೋಜೌಲ್ ಬೇಕು. ಅದನ್ನು 2.42ರಿಂದ ಭಾಗಿಸಿದರೆ ಸುಮಾರು 156 ಗ್ರಾಂ ಬರುತ್ತದೆ. ಹತ್ತು ಲೀಟರಿನಲ್ಲಿ ಒಂದು ಲೋಟದಷ್ಟು ನೀರನ್ನು ಗಾಳಿಗೆ ಕೊಟ್ಟರೆ ಉಳಿದದ್ದೆಲ್ಲ ತಂಪಾಗುತ್ತದೆ ಎಂದಾಯಿತು. ವಾಸ್ತವದಲ್ಲಿ ಇನ್ನೂ ಹೆಚ್ಚು ಹೋಗುತ್ತದೆ, ಏಕೆಂದರೆ ಸುತ್ತಲಿನ ಬಿಸಿ ಗಾಳಿಯಿಂದ ಹರವಿಗೆ ಉಷ್ಣ ಹರಿದು ಬರುತ್ತಲೇ ಇರುತ್ತದೆ. ಎನಾಮಲ್ ಬಣ್ಣವು ರಂಧ್ರಗಳ ಬಾಯಿ ಮುಚ್ಚಿದೆ. ಆದ್ದರಿಂದ ನೀಲಿ ಹರವಿ ಈಗ ಮಣ್ಣಿನ ಹರವಿಯಾಗಿ ಉಳಿದಿಲ್ಲ, ಪ್ಲಾಸ್ಟಿಕ್ ಕೊಡವಾಗಿದೆ. ಸಾಧ್ಯವಾದರೆ ಎರಡೂ ಹರವಿಗಳನ್ನು ಸಂಜೆ ತುಂಬಿಸಿ ತೂಗಿ, ಯಾರೂ ಮುಟ್ಟದಂತೆ ನೋಡಿಕೊಂಡು ಮರುದಿನ ಸಂಜೆ ಮತ್ತೆ ತೂಗಿರಿ.


ಕುಂಬಾರಿಕೆಯ ಮನೆತನದವನು, ತಾಳಿಕೋಟೆ:

ಗುರುಗಳು ಹೇಳಿದ್ದಕ್ಕೆ ನಮ್ಮ ಮನೆಯ ಮಾತೊಂದನ್ನು ಸೇರಿಸುತ್ತೇನೆ. ಹೊಸ ಹರವಿಯನ್ನು ಕೊಳ್ಳಲು ಬಂದವರಿಗೆ ನನ್ನ ಅಪ್ಪ, "ಇದು ಬೆವರುತ್ತದೆಯೋ ಇಲ್ಲವೋ ನೋಡಿ ಒಯ್ಯಿರಿ" ಎಂದೇ ಹೇಳುತ್ತಿದ್ದರು. ಹರವಿ ಬೆವರುವುದು ಎಂಬ ಮಾತು ನಮ್ಮಲ್ಲಿ ಹೋಲಿಕೆಯಲ್ಲ, ಅದು ಕಸುಬಿನ ಮಾತು. ಮಣ್ಣು ಹದ ಮಾಡುವಾಗ ಬೂದಿ, ಸಣ್ಣ ಉಸುಕು, ಒಣಗಿದ ಲದ್ದಿಯ ಪುಡಿಯನ್ನು ಬೆರೆಸುತ್ತೇವೆ. ಸುಡುವಾಗ ಲದ್ದಿಯೊಳಗಿನ ಹುಲ್ಲಿನ ಚೂರುಗಳು ಉರಿದುಹೋಗಿ, ಅವು ಇದ್ದ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವೇ ನೀರಿನ ದಾರಿ. ಉಪ್ಪಿನಕಾಯಿಯ ಭರಣಿಯೂ ಮಣ್ಣಿನದೇ ಆದರೂ, ಅದಕ್ಕೆ ಗಾಜಿನಂಥ ಮೆರುಗು ಕೊಟ್ಟಿರುವುದರಿಂದ ಅದು ಜಿನುಗುವುದಿಲ್ಲ, ತಂಪು ಮಾಡುವುದೂ ಇಲ್ಲ.

ಇನ್ನೊಂದು ವಿಷಯ. ನಮ್ಮ ಭಾಗದ ಕೊಳವೆಬಾವಿಗಳ ನೀರು ಗಡಸು. ನೀರು ಆವಿಯಾಗಿ ಹೋದರೂ ಅದರಲ್ಲಿದ್ದ ಲವಣ ಹೋಗುವುದಿಲ್ಲ, ಅದು ಹೊರಮೈಯಲ್ಲಿ ಬಿಳಿ ಪುಡಿಯಾಗಿ ಕೂತು ವರ್ಷದೊಳಗೆ ರಂಧ್ರಗಳನ್ನು ಕಟ್ಟುತ್ತದೆ. ಹಳೆಯ ಹರವಿಯ ನೀರು ಮೊದಲಿನಂತಿಲ್ಲ ಎಂದು ಜನ ದೂರುವುದು ಇದಕ್ಕಾಗಿಯೇ. ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಸ್ವಲ್ಪ ಸರಿಹೋಗುತ್ತದೆ. ಎನಾಮಲ್ ಮಾತ್ರ ರಂಧ್ರದ ಒಳಕ್ಕೆ ಇಳಿದಿರುತ್ತದೆ. ಟೀಚರ್, ಅದನ್ನು ಕೆರೆಯುತ್ತ ಕೂರಬೇಡಿ, ಜೋಳ ತುಂಬಿಡಲು ಬಳಸಿರಿ.


ಪಾಲಕರೊಬ್ಬರು, ಮುದ್ದೇಬಿಹಾಳ:

ಇದನ್ನು ಓದಿ ನಾನೂ ನನ್ನ ಮಗನೂ ಮನೆಯಲ್ಲಿ ಫ್ಯಾನಿನ ಪ್ರಯೋಗ ಮಾಡಹೋಗಿ ಪೆಟ್ಟು ತಿಂದೆವು. ಮನೆಯಲ್ಲಿದ್ದದ್ದು ಜ್ವರ ನೋಡುವ ಡಿಜಿಟಲ್ ಉಷ್ಣತಾಮಾಪಕ. ಅದರ ತುದಿಗೆ ಒದ್ದೆ ಹತ್ತಿ ಸುತ್ತಿ ಫ್ಯಾನಿನ ಕೆಳಗೆ ಹಿಡಿದರೆ, ಅಂಕಿಯ ಬದಲು ಇಂಗ್ಲಿಷಿನ ಎಲ್ ಮತ್ತು ಓ ಎಂಬ ಎರಡು ಅಕ್ಷರಗಳು ಮೂಡಿದವು. ಕೆಟ್ಟುಹೋಯಿತೆಂದು ಮಗ ಗಾಬರಿಯಾದ. ಕೆಟ್ಟಿರಲಿಲ್ಲ. ಆ ಸಾಧನವು ಸಾಮಾನ್ಯವಾಗಿ 32 ಡಿಗ್ರಿಯಿಂದ ಮೇಲಷ್ಟೇ ತೋರಿಸುವಂಥದ್ದಂತೆ, ಅದಕ್ಕಿಂತ ಕೆಳಗಿಳಿದರೆ "ಕಡಿಮೆ" ಎಂದು ಸೂಚಿಸುತ್ತದೆ. ಹೊರಗೆ 38 ಡಿಗ್ರಿ ಇರುವಾಗ ಬರೀ ಒದ್ದೆ ಹತ್ತಿ ಮತ್ತು ಗಾಳಿಯಿಂದ 32ಕ್ಕಿಂತ ಕೆಳಗೆ ಇಳಿದದ್ದೇ ನಮಗೆ ಪಾಠವಾಯಿತು. ಒಣಗಿದ ತುದಿಯನ್ನು ಅದೇ ಫ್ಯಾನಿನ ಕೆಳಗೆ ಹಿಡಿದಾಗ ಅದು ಹಾಗೆ ಇಳಿಯಲಿಲ್ಲ.


ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ:

ನಿಮ್ಮ ಮಗನಿಗೆ ಶಾಬಾಸ್ ಹೇಳಿರಿ. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಗಾಳಿಯನ್ನು ಸರಿಸುತ್ತದೆ ಅಷ್ಟೇ. ಮೋಟಾರಿನ ಬಿಸಿ ಸೇರುವುದರಿಂದ ಮುಚ್ಚಿದ ಕೋಣೆಯ ಉಷ್ಣತೆ ಕೂದಲೆಳೆಯಷ್ಟು ಏರಲೂಬಹುದು. ಒಣ ಉಷ್ಣತಾಮಾಪಕಕ್ಕೆ ಒಳಗಿನಿಂದ ಉಷ್ಣ ಹುಟ್ಟುವುದಿಲ್ಲ, ಮೇಲೆ ನೀರೂ ಇಲ್ಲ, ಹೀಗಾಗಿ ಗಾಳಿಯ ಉಷ್ಣತೆಗೇ ಅದು ನಿಲ್ಲುತ್ತದೆ. ನಮ್ಮ ಮೈಮೇಲೆ ಬೆವರಿದೆ. ಬೆವರಿನಿಂದ ಹೊರಟ ಆವಿ ಚರ್ಮದ ಹತ್ತಿರವೇ ಒಂದು ತೇವದ ಪದರವಾಗಿ ನಿಲ್ಲುತ್ತದೆ, ಫ್ಯಾನು ಆ ಪದರವನ್ನು ತಳ್ಳಿ ಒಣ ಗಾಳಿಯನ್ನು ತಂದು ನಿಲ್ಲಿಸುತ್ತದೆ. ನಮ್ಮ ಸಾರಿಗೆ ಬಸ್ಸಿನ ಚಾಲಕರು ನೀರಿನ ಬಾಟಲಿಗೆ ಒದ್ದೆ ಅರಿವೆ ಸುತ್ತಿ ಕಿಟಕಿಗೆ ನೇತು ಹಾಕುವುದೂ ಇದೇ ವಿದ್ಯೆ.

ಇದರ ಜೊತೆಗೆ ಮಕ್ಕಳಿಗೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿರಿ, ಅವರು ಮರೆಯಲಾರರು. 1770ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಫೋರ್ಡೈಸ್ ಎಂಬ ವೈದ್ಯರು ಕೋಣೆಯೊಂದನ್ನು ಕಾಯಿಸಿ, ಚಾರ್ಲ್ಸ್ ಬ್ಲ್ಯಾಗ್ಡನ್ ಮೊದಲಾದ ಗೆಳೆಯರನ್ನು ಒಳಗೆ ಕರೆದರು. ಕೋಣೆಯ ಒಣ ಗಾಳಿಯನ್ನು ನೀರಿನ ಕುದಿಬಿಂದುವಿಗಿಂತಲೂ ಮೇಲೆ, 120 ಡಿಗ್ರಿಗೂ ಹೆಚ್ಚು ಕಾಯಿಸಿದರು. ಅಲ್ಲಿ ಇಟ್ಟ ಕೋಳಿಮೊಟ್ಟೆಗಳು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಬೆಂದು ಗಟ್ಟಿಯಾದವು. ಅದೇ ಕೋಣೆಯಲ್ಲಿ ಕೆಲವು ನಿಮಿಷ ನಿಂತ ಮನುಷ್ಯರ ಮೈಯುಷ್ಣತೆ ಹೇಳಿಕೊಳ್ಳುವಷ್ಟು ಏರಲಿಲ್ಲ. 1775ರಲ್ಲಿ ಬ್ಲ್ಯಾಗ್ಡನ್ ಇದನ್ನು ಪ್ರಕಟಿಸಿದರು. ನಮ್ಮ ನೀಲಿ ಹರವಿಗೆ ಸಂಬಂಧಿಸಿದ್ದು ಇದರ ಮುಂದಿನ ಭಾಗ. ಅಲ್ಲಿ ತೆರೆದ ಪಾತ್ರೆಯಲ್ಲಿಟ್ಟ ನೀರು, ಅಷ್ಟು ಬಿಸಿಯಲ್ಲೂ ಕುದಿಬಿಂದುವಿನ ಹತ್ತಿರ ಹೋಗದೆ ಬಹಳ ಕೆಳಗೇ ನಿಂತುಬಿಟ್ಟಿತು. ನೀರಿನ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಆವಿಯ ದಾರಿಯನ್ನು ಮುಚ್ಚಿದಾಗ ಮಾತ್ರ ಅದು ಕುದಿಯಿತು. ಎಣ್ಣೆಯ ಪದರ ಅಲ್ಲಿ ಮಾಡಿದ ಕೆಲಸವನ್ನೇ ಎನಾಮಲ್ ನಿಮ್ಮ ಪಡಸಾಲೆಯಲ್ಲಿ ಮಾಡಿದೆ.


ಬಿ.ಎಸ್‌ಸಿ. ವಿದ್ಯಾರ್ಥಿ, ವಿಜಯಪುರ:

ಸರ್, ಹಾಗಾದರೆ ನಮ್ಮ ಮೈಗೂ ಎನಾಮಲ್ ಬಳಿದರೆ ಇದೇ ಆಗುತ್ತದೆಯೇ? ಚರ್ಮದ ಮೂಲಕ ಉಸಿರಾಟ ನಿಂತು ಮನುಷ್ಯ ಸಾಯುತ್ತಾನೆ ಎಂದು ಕೇಳಿದ್ದೇನೆ. ಹಾಗೆಯೇ, ಬೆವರು ಹೆಚ್ಚು ಬಂದಷ್ಟೂ ಮೈಯ ವಿಷ ಹೊರಹೋಗುತ್ತದೆ ಎಂದು ನಮ್ಮ ಜಿಮ್ಮಿನಲ್ಲಿ ಹೇಳುತ್ತಾರೆ. ಇವುಗಳಲ್ಲಿ ಎಷ್ಟು ನಿಜ?


ವೈದ್ಯೆ, ವಿಜಯಪುರ:

ಎರಡೂ ನಿಜವಲ್ಲ, ತಮ್ಮಾ. ಕಪ್ಪೆಯು ಚರ್ಮದಿಂದಲೂ ಉಸಿರಾಡುತ್ತದೆ, ನಾವು ಶ್ವಾಸಕೋಶದಿಂದ ಉಸಿರಾಡುತ್ತೇವೆ. "ಚರ್ಮ ಉಸಿರಾಡಲಿ" ಎಂಬುದು ಸಾಬೂನಿನ ಜಾಹೀರಾತಿನ ಭಾಷೆ. ಮೈತುಂಬ ಬಣ್ಣ ಬಳಿದವನಿಗೆ ಇರುವ ನಿಜವಾದ ಅಪಾಯವೆಂದರೆ, ಸಿಂದಗಿಯ ಹರವಿಗೆ ಆದದ್ದೇ. ಇನ್ನು ಬೆವರಿನಲ್ಲಿ ನೂರಕ್ಕೆ ಸುಮಾರು 99 ಭಾಗ ನೀರು, ಉಳಿದದ್ದರಲ್ಲಿ ಹೆಚ್ಚಿನದು ಉಪ್ಪು. ತ್ಯಾಜ್ಯವನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು ಮತ್ತು ಯಕೃತ್ತಿನದು.

ಟೀಚರ್ ಕೇಳಿದ ಜೋಡಣೆಗೆ ನಾನು ದೇಹದ ಕಡೆಯ ಲೆಕ್ಕ ಕೊಡುತ್ತೇನೆ. ಸುಮ್ಮನೆ ಕೂತ ಮನುಷ್ಯನ ದೇಹ ಸೆಕೆಂಡಿಗೆ ಸರಿಸುಮಾರು 100 ಜೌಲ್ ಉಷ್ಣವನ್ನು ಹುಟ್ಟಿಸುತ್ತದೆ, ಅಂದರೆ ಹಳೆಯ ಕಾಲದ 100 ವ್ಯಾಟ್ ಬಲ್ಬಿನಷ್ಟು. ಗಂಟೆಗೆ 360 ಕಿಲೋಜೌಲ್ ಆಯಿತು. ದೇಹದ ವಿಶಿಷ್ಟೋಷ್ಣವನ್ನು, ಅಂದರೆ ಒಂದು ಕಿಲೋ ತೂಕ ಒಂದು ಡಿಗ್ರಿ ಏರಲು ಬೇಕಾದ ಉಷ್ಣವನ್ನು, 3.5 ಕಿಲೋಜೌಲ್ ಎಂದು ಹಿಡಿದರೆ, 60 ಕಿಲೋ ತೂಕದವರ ಮೈ ಒಂದು ಡಿಗ್ರಿ ಏರಲು 210 ಕಿಲೋಜೌಲ್ ಸಾಕು. ಉಷ್ಣ ಹೊರಹೋಗುವ ದಾರಿಯೇ ಇಲ್ಲದಿದ್ದರೆ ಕೂತಲ್ಲೇ ಗಂಟೆಗೆ ಒಂದೂಮುಕ್ಕಾಲು ಡಿಗ್ರಿಯಷ್ಟು ಏರಿ, ಎರಡು ಗಂಟೆಯೊಳಗೆ 40 ಡಿಗ್ರಿ ದಾಟುತ್ತೇವೆ. ಹೊರಗೆ 25 ಡಿಗ್ರಿ ಇದ್ದಾಗ ಚರ್ಮದಿಂದ ಗಾಳಿಗೆ ಉಷ್ಣಸಂವಹನ ಮತ್ತು ವಿಕಿರಣದ ಮೂಲಕವೇ ಬಹುಪಾಲು ಉಷ್ಣ ಹೋಗುತ್ತದೆ. ಚರ್ಮದ ಉಷ್ಣತೆ ಬೇಸಿಗೆಯಲ್ಲಿ ಸುಮಾರು 35 ಡಿಗ್ರಿ. ನಮ್ಮೂರಿನ ಮಧ್ಯಾಹ್ನದಂತೆ ಗಾಳಿಯೇ 41 ಡಿಗ್ರಿ ಇದ್ದರೆ ಆ ದಾರಿಗಳಲ್ಲಿ ಉಷ್ಣ ತಿರುಗಿ ಒಳಗೇ ಬರುತ್ತದೆ. ಆಗ ಉಳಿಯುವ ದಾರಿ ಬೆವರು ಒಂದೇ. ಸುಮ್ಮನೆ ಕೂತವರಿಗೂ ಗಂಟೆಗೆ 150 ಗ್ರಾಂ ಬೆವರು ಆವಿಯಾಗಲೇಬೇಕು, ಹೊಲದಲ್ಲಿ ದುಡಿಯುವವರಿಗೆ ಅದು ಒಂದು ಲೀಟರನ್ನೂ ದಾಟಬಹುದು.

ಈ ಕೆಲಸವನ್ನು ನಡೆಸುವುದು ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಸಣ್ಣ ಭಾಗ. ರಕ್ತದ ಉಷ್ಣತೆ ಸ್ವಲ್ಪ ಏರಿದರೂ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗಿನ ಉಷ್ಣವನ್ನು ಹೊರಮೈಗೆ ತರಿಸುತ್ತದೆ. ಮುಖ ಕೆಂಪೇರುವುದು ಇದರಿಂದಲೇ. ಜೊತೆಗೆ 20ರಿಂದ 40 ಲಕ್ಷದಷ್ಟು ಬೆವರು ಗ್ರಂಥಿಗಳಿಗೆ ನರಗಳ ಮೂಲಕ ಸೂಚನೆ ಕಳುಹಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ, ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಗದ್ದದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ನಮ್ಮನ್ನು ತಂಪು ಮಾಡುವುದಿಲ್ಲ. ಮೈಮೇಲೆಯೇ ಆವಿಯಾದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸೋರುವ ಹರವಿ ಬೇರೆ, ಬೆವರುವ ಹರವಿ ಬೇರೆ ಎಂದು ತಾಳಿಕೋಟೆಯ ಅಣ್ಣನವರಿಗೆ ಗೊತ್ತೇ ಇರುತ್ತದೆ.

ಹುಟ್ಟಿನಿಂದಲೇ ಬೆವರು ಗ್ರಂಥಿಗಳಿಲ್ಲದ ಅಥವಾ ಬಹಳ ಕಡಿಮೆ ಇರುವ ಜನರೂ ಇದ್ದಾರೆ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದಲ್ಲಿ, ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಹಲ್ಲು ಕಡಿಮೆ, ಕೂದಲು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗುವುದು, ಇವೆಲ್ಲ ಒಟ್ಟಿಗೆ ಇದ್ದುದನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲಿ ದಾಖಲಿಸಿದ್ದಾರೆ. ಇದು ಎಕ್ಸ್ ವರ್ಣತಂತುವಿನ ಮೂಲಕ ಬರುವ ಸ್ಥಿತಿ, ತಾಯಿಯಿಂದ ಮಗನಿಗೆ ಇಳಿಯುತ್ತದೆ. ಇಂಥ ಮಕ್ಕಳು ಬೇಸಿಗೆಯಲ್ಲಿ ಅಂಗಿಯನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿರಬೇಕಾಗುತ್ತದೆ. ದೇಹ ಕೊಡದ ನೀರನ್ನು ಹೊರಗಿನಿಂದ ಕೊಟ್ಟರೂ ಭೌತಶಾಸ್ತ್ರಕ್ಕೆ ವ್ಯತ್ಯಾಸವಿಲ್ಲ.


ಹೈನುಗಾರರು, ನಿಡಗುಂದಿ:

ಎಮ್ಮೆಯದೂ ಅದೇ ಕಥೆ, ಅಕ್ಕಾ. ಆಕಳಿಗಿಂತ ಅದಕ್ಕೆ ಬೆವರು ಗ್ರಂಥಿಗಳು ಕಡಿಮೆ, ಮೇಲಾಗಿ ಚರ್ಮ ಕಪ್ಪು. ಬಿಸಿಲೇರಿದರೆ ಕೆಸರಿನಲ್ಲಿ ಮುಳುಗಿ ಎದ್ದು, ಆ ಕೆಸರು ಮೈಮೇಲೆ ಒಣಗುವವರೆಗೆ ಸುಮ್ಮನೆ ನಿಲ್ಲುತ್ತದೆ. ಅದನ್ನು ಸೋಮಾರಿತನವೆಂದು ಬೈಯುವವರು ಈ ಚರ್ಚೆ ಓದಬೇಕು.


ದ್ರಾಕ್ಷಿ ಬೆಳೆಗಾರ, ತಿಕೋಟಾ:

ಬಣ್ಣದ ಪದರ ಆವಿಯನ್ನು ತಡೆಯುತ್ತದೆ ಎಂಬುದನ್ನು ಓದಿದಾಗ ನನಗೆ ನಮ್ಮ ಒಣದ್ರಾಕ್ಷಿಯ ಶೆಡ್ ನೆನಪಾಯಿತು. ದ್ರಾಕ್ಷಿ ಹಣ್ಣಿನ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣದ ಪದರವಿರುತ್ತದೆ. ಬೆರಳಿನಿಂದ ಉಜ್ಜಿದರೆ ಅಳಿಸುವ ಬೂದು ಬಣ್ಣದ ಹುಡಿ ಅದೇ. ನಿಮ್ಮ ಹರವಿಗೆ ಮಕ್ಕಳು ಎನಾಮಲ್ ಬಳಿದರು, ದ್ರಾಕ್ಷಿಗೆ ಬಳ್ಳಿಯೇ ಬಳಿದು ಕಳುಹಿಸುತ್ತದೆ. ಗೊನೆಗಳನ್ನು ಹಾಗೆಯೇ ನೆರಳಿಗೆ ಹಾಕಿದರೆ ನೀರು ಹೊರಬರಲು ಬಹಳ ದಿನ ಬೇಕು, ಅಷ್ಟರಲ್ಲಿ ಹುಳಿ ಹಿಡಿಯುತ್ತದೆ ಇಲ್ಲವೆ ಬೂಷ್ಟು ಬರುತ್ತದೆ.

ಆದ್ದರಿಂದ ಕಡಿದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುತ್ತೇವೆ. ಎರಡನೆಯದನ್ನು ಎಲ್ಲರೂ ಡಿಪ್ಪಿಂಗ್ ಆಯಿಲ್ ಎಂದೇ ಕರೆಯುವುದು. ಲೀಟರ್ ನೀರಿಗೆ 25 ಗ್ರಾಂ ಕಾರ್ಬೊನೇಟ್, 15 ಮಿಲಿಲೀಟರ್ ಎಣ್ಣೆ ಎಂಬುದು ವಾಡಿಕೆಯ ಅಳತೆ. ಅದು ಮೇಣದ ಪದರವನ್ನು ಸಡಿಲಿಸಿ ನೀರಿಗೆ ದಾರಿ ಬಿಡುತ್ತದೆ. ಸಿಪ್ಪೆ ಮಾತ್ರ ಹರಿಯಬಾರದು, ಹರಿದರೆ ರಸ ಸೋರಿ ಮಾಲು ಅಂಟಾಗುತ್ತದೆ. ಆಮೇಲೆ ಶೆಡ್ಡಿನ ಬಲೆಯ ಅಂತಸ್ತುಗಳ ಮೇಲೆ ಹರಡಿದರೆ, ಫೆಬ್ರವರಿ ಮಾರ್ಚ್ ತಿಂಗಳ ಒಣ ಗಾಳಿಗೆ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ, ಉಳಿದ ಮೂರು ಕಿಲೋ ಗಾಳಿಗೆ ಹೋದ ನೀರು. ತುಂಬಿದ ಶೆಡ್ಡಿನೊಳಗೆ ಕಾಲಿಟ್ಟರೆ ಹೊರಗಿಗಿಂತ ತಂಪೆನಿಸುವುದು ಏಕೆಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಮೋಡ ಕವಿದು ಅಕಾಲದ ಮಳೆ ಬಂದರೆ ಒಣಗುವುದು ನಿಂತೇಹೋಗುತ್ತದೆ. ಆ ದಿನಗಳಲ್ಲಿ ನಮಗೆ ನಿದ್ದೆ ಇರುವುದಿಲ್ಲ.


ಬ್ಯಾಂಕ್ ಉದ್ಯೋಗಿ, ಮೂಲತಃ ಜಮಖಂಡಿ, ಈಗ ಕಾರವಾರ:

ಮೋಡದ ಮಾತು ಬಂದದ್ದಕ್ಕೆ ಕೇಳುತ್ತೇನೆ. ವರ್ಗವಾಗಿ ಕಾರವಾರಕ್ಕೆ ಬಂದ ಮೇಲೆ, ಊರಿನಿಂದ ತಂದ ಹರವಿಯೂ ಕೂಲರೂ ಎರಡೂ ಕೆಲಸಕ್ಕೆ ಬರಲಿಲ್ಲ. ಇಲ್ಲಿ 34 ಡಿಗ್ರಿ ಇದ್ದರೂ ಜಮಖಂಡಿಯ 41 ಡಿಗ್ರಿಗಿಂತ ಹೆಚ್ಚು ಕುದಿಯುತ್ತದೆ. ನಮ್ಮ ಆಯಿ ಇಲ್ಲಿಗೆ ಬಂದಾಗಲೆಲ್ಲ "ಇಲ್ಲಿ ಬೆವರು ಆರುವುದೇ ಇಲ್ಲವಲ್ಲೋ" ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ.


ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ:

ನಿಮ್ಮ ಆಯಿ ಒಂದೇ ಮಾತಿನಲ್ಲಿ ಆರ್ದ್ರತೆಯ ಪಾಠ ಮುಗಿಸಿದ್ದಾರೆ. ಮೇಲ್ಮೈಯಿಂದ ಅಣುಗಳು ಹಾರುವಂತೆಯೇ ಗಾಳಿಯಲ್ಲಿರುವ ನೀರಿನ ಅಣುಗಳು ಮರಳಿ ಮೇಲ್ಮೈಗೆ ಬಂದು ಸೇರುತ್ತಲೂ ಇರುತ್ತವೆ. ಗಾಳಿಯಲ್ಲಿ ಆವಿ ಹೆಚ್ಚಿದ್ದಷ್ಟೂ ಬರುವವರ ಸಂಖ್ಯೆ ಹೆಚ್ಚು, ಹೋಗುವುದರಿಂದ ಆಗುವ ಲಾಭ ಕಡಿಮೆ. ಇದನ್ನು ಅಳೆಯುವುದು ಸುಲಭ. ಉಷ್ಣತಾಮಾಪಕದ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಗಾಳಿ ಬೀಸಿದಾಗ ಅಂಕಿ ಎಲ್ಲಿಗೆ ಬಂದು ನಿಲ್ಲುತ್ತದೋ ಅದೇ ಒದ್ದೆ ಬುರುಡೆಯ ಉಷ್ಣತೆ. ಬರೀ ಆವಿಯಾಗುವಿಕೆಯಿಂದ ಯಾವ ಹರವಿಯೂ, ಯಾವ ಕೂಲರೂ ಅದಕ್ಕಿಂತ ಕೆಳಗೆ ಹೋಗಲಾರದು. 41 ಡಿಗ್ರಿ ಗಾಳಿಯಲ್ಲಿ ಆರ್ದ್ರತೆ ಶೇಕಡಾ 20 ಇದ್ದರೆ ಅದು ಸುಮಾರು 23 ಡಿಗ್ರಿ. 34 ಡಿಗ್ರಿ ಗಾಳಿಯಲ್ಲಿ ಆರ್ದ್ರತೆ ಶೇಕಡಾ 75 ಇದ್ದರೆ ಸುಮಾರು 30 ಡಿಗ್ರಿ. ಜಮಖಂಡಿಯ ಹರವಿಗೆ 18 ಡಿಗ್ರಿ ಇಳಿಯಲು ಅವಕಾಶವಿದೆ, ಕಾರವಾರದಲ್ಲಿ ನಾಲ್ಕೇ ಡಿಗ್ರಿ.

ಮನುಷ್ಯನಿಗೂ ಇದೇ ಮಿತಿ. ಒದ್ದೆ ಬುರುಡೆಯ ಉಷ್ಣತೆ 35 ಮುಟ್ಟಿದರೆ ಚರ್ಮದಿಂದ ಉಷ್ಣ ಹೊರಹೋಗುವ ಎಲ್ಲ ದಾರಿಗಳೂ ಮುಚ್ಚುತ್ತವೆ, ನೆರಳಿನಲ್ಲಿ ಕೂತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರ ಎಂದು ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ನಂತರ ಯುವಕ ಯುವತಿಯರ ಮೇಲೆ ನಡೆದ ಪ್ರಯೋಗಗಳಲ್ಲಿ ದೇಹ ಅದಕ್ಕಿಂತ ಮೊದಲೇ ಸೋಲುವುದು ಕಂಡುಬಂದಿದೆ.


ಅಂಗನವಾಡಿ ಕಾರ್ಯಕರ್ತೆ, ಇಂಡಿ:

ಡಾಕ್ಟರ್ ಅಕ್ಕಾವ್ರೇ, ನಮ್ಮ ಊರಿನಲ್ಲಿ ಬಿಸಿಲು ಬಡಿದವರಿಗೆ ಜ್ವರದ ಮಾತ್ರೆ ಕೊಟ್ಟು ಕಂಬಳಿ ಹೊದಿಸಿ ಮಲಗಿಸುವವರಿದ್ದಾರೆ. ಬೇಡವೆಂದರೆ "ಮೈ ಸುಡುತ್ತಿದೆಯಲ್ಲ, ಜ್ವರವಲ್ಲದೆ ಮತ್ತೇನು" ಎನ್ನುತ್ತಾರೆ. ಅವರಿಗೆ ತಿಳಿಯುವಂತೆ ಹೇಗೆ ಹೇಳಬೇಕು? ಲಿಂಬೆ ಶರಬತ್ತಿಗೆ ಉಪ್ಪು, ಸಕ್ಕರೆ ಎರಡನ್ನೂ ಏಕೆ ಹಾಕಬೇಕು ಎಂಬುದನ್ನೂ ತಿಳಿಸಿರಿ. ನಮ್ಮಲ್ಲಿ ಲಿಂಬೆಗಂತೂ ಬರವಿಲ್ಲ.


ವೈದ್ಯೆ, ವಿಜಯಪುರ:

ಬಹಳ ಮುಖ್ಯವಾದದ್ದನ್ನು ಕೇಳಿದಿರಿ. ಜ್ವರದಲ್ಲಿ ಹೈಪೋಥಲಾಮಸ್ ತಾನೇ ಗುರಿಯನ್ನು 37ರಿಂದ 39ಕ್ಕೆ ಏರಿಸಿಕೊಳ್ಳುತ್ತದೆ. ಮೈ ಇನ್ನೂ 37ರಲ್ಲೇ ಇರುವುದರಿಂದ ಅದಕ್ಕೆ ಚಳಿ ಎನಿಸುತ್ತದೆ, ಆದ್ದರಿಂದ ಜ್ವರ ಏರುವಾಗ ನಡುಗುತ್ತೇವೆ. ಪ್ಯಾರಸಿಟಮಾಲ್ ಆ ಏರಿಸಿದ ಗುರಿಯನ್ನು ಕೆಳಗಿಳಿಸುತ್ತದೆ. ಬಿಸಿಲು ಬಡಿದಾಗ ಗುರಿ 37ರಲ್ಲೇ ಇರುತ್ತದೆ, ಉಷ್ಣವನ್ನು ಹೊರಹಾಕುವ ವ್ಯವಸ್ಥೆ ಸೋತಿರುತ್ತದೆ. ಇಳಿಸಲು ಗುರಿಯೇ ಏರಿಲ್ಲದ ಮೇಲೆ ಮಾತ್ರೆ ಏನನ್ನು ಇಳಿಸೀತು? ಕಂಬಳಿಯಂತೂ ನೀಲಿ ಎನಾಮಲ್‌ಗೆ ಸಮ. ಮೈಯುಷ್ಣತೆ 40 ದಾಟಿ, ಮಾತು ತೊದಲುತ್ತಿದ್ದರೆ ಅಥವಾ ಎಚ್ಚರ ತಪ್ಪುತ್ತಿದ್ದರೆ ವಾಹನಕ್ಕೆ ಕರೆ ಮಾಡಿ, ಅದು ಬರುವವರೆಗೆ ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕಿ ಗಾಳಿ ಬೀಸುತ್ತಲೇ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಬೆವರು ನಿಂತಿದ್ದರೆ ಮಾತ್ರ ಬಿಸಿಲು ಬಡಿದದ್ದು ಎಂಬ ತಿಳಿವಳಿಕೆಯೂ ಸರಿಯಲ್ಲ. ದುಡಿಯುತ್ತಲೇ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು.

ವಯಸ್ಸಾದವರಲ್ಲಿ ಬೆವರು ಕಡಿಮೆ. ಗಾಳಿ 40 ಡಿಗ್ರಿ ದಾಟಿದಾಗ ಒಣ ಮೈಗೆ ಫ್ಯಾನ್ ಹಾಕಿ ಕೂರಿಸಿದರೆ ಉಷ್ಣ ಇನ್ನೂ ಒಳಗೇ ಹೋಗುತ್ತದೆ. ಅವರ ಕೈ, ಕತ್ತು, ಅಂಗಿಯನ್ನು ಒದ್ದೆ ಮಾಡಿ ಆಮೇಲೆ ಫ್ಯಾನ್ ಹಾಕಿರಿ.

ಸಕ್ಕರೆ ಉಪ್ಪಿನ ವಿಷಯ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿಯೇ ಒಳಸೇರುವ ಬಾಗಿಲುಗಳಿವೆ, ಅವುಗಳ ಹಿಂದೆ ನೀರೂ ಹರಿದು ಬರುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಈ ಜೋಡಿ ಸಾಗಣೆಯನ್ನು ವಿವರಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನೊಬಿಸ್ ಅವರು ಉಪ್ಪು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ರೋಗಿಗಳ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕಡಿಮೆಯಾಯಿತು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಹಾಕಬೇಕು. ಹೆಚ್ಚು ಹಾಕಿದರೆ ನೀರು ಕರುಳಿನೊಳಕ್ಕೇ ತಿರುಗಿ ಬರುತ್ತದೆ. ಲಿಂಬೆ ರುಚಿಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಇದನ್ನು ದಿನವೂ ಕುಡಿಯುವ ಪಾನೀಯವನ್ನಾಗಿ ಮಾಡಿಕೊಳ್ಳಬಾರದು.


ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಸಿಂದಗಿ ತಾಲ್ಲೂಕು:

ಎಲ್ಲರಿಗೂ ಧನ್ಯವಾದಗಳು. ಉತ್ತರ ಬರೆಯಲು ತಡವಾಯಿತು, ಬೇಸಿಗೆ ರಜೆ ನಡುವೆ ಬಂತು. ರಜೆಗೆ ಮೊದಲು ಕಿರಾಣಿ ಅಂಗಡಿಯಿಂದ ತಕ್ಕಡಿ ತಂದು ಎರಡೂ ಹರವಿಗಳನ್ನು ತೂಗಿದೆವು. ಒಂದು ಹಗಲು ಒಂದು ರಾತ್ರಿಯಲ್ಲಿ ಬಣ್ಣವಿಲ್ಲದ ಹರವಿ 940 ಗ್ರಾಂ ಕಳೆದುಕೊಂಡಿತು, ನೀಲಿ ಹರವಿ 40 ಗ್ರಾಂ. ಆ 40 ಗ್ರಾಂ ಎಲ್ಲಿಂದ ಹೋಯಿತು ಎಂಬ ಬಗ್ಗೆ ಮಕ್ಕಳಲ್ಲಿ ಜಗಳವೇ ಆಗಿ, ಕೊನೆಗೆ ಮುಚ್ಚಳದ ಸಂದಿಯಿಂದ ಎಂದು ತೀರ್ಮಾನವಾಯಿತು. ಹುಡುಗರಿಬ್ಬರು ನನ್ನ ಮಾತು ಕೇಳದೆ ಅರ್ಧ ಬಣ್ಣವನ್ನು ಕೆರೆದು ನೋಡಿದರು. ತಾಳಿಕೋಟೆಯ ಅಣ್ಣಾವ್ರು ಹೇಳಿದಂತೆಯೇ ಅದು ಬೆವರಲಿಲ್ಲ. ಆ ಹರವಿಯಲ್ಲಿ ಈಗ ಬಿಸಿಯೂಟದ ಕೋಣೆಯವರು ತೊಗರಿಬೇಳೆ ತುಂಬಿಟ್ಟಿದ್ದಾರೆ.

ಜೂನ್‌ನಲ್ಲಿ ಶಾಲೆ ಆರಂಭವಾದ ವಾರವೇ ಮಳೆ ಹಿಡಿಯಿತು. ಅದೇ ಹುಡುಗಿ ಯಾರೂ ಹೇಳದಿದ್ದರೂ ಬಣ್ಣವಿಲ್ಲದ ಹರವಿಯನ್ನು ಮತ್ತೆ ತೂಗಿಸಿ, ಒದ್ದೆ ಬಟ್ಟೆಯ ಉಷ್ಣತಾಮಾಪಕವನ್ನೂ ಪಕ್ಕದಲ್ಲಿ ನೇತು ಹಾಕಿ, ಹಲಗೆಯ ಮೇಲೆ ಬರೆದಿಟ್ಟಿದ್ದಳು: ಗಾಳಿ 31, ಒದ್ದೆ ಬಟ್ಟೆ 25, ಹರವಿಯ ನೀರು 26, ಹೋದ ನೀರು 280 ಗ್ರಾಂ. ಕೆಳಗೆ ಸಣ್ಣ ಅಕ್ಷರದಲ್ಲಿ "ಇಂದು ಹರವಿ ಕಾರವಾರದ ದಾರಿಯಲ್ಲಿದೆ" ಎಂದಿತ್ತು.